ಅರವತ್ತೊಂದನೆಯ ಪುಟ

ಬೇರೆಯವರ ಮನೆಯ ಕಪಾಟಿನ ನೆತ್ತಿಯ ಮೇಲೆ ಏನೇನಿರುತ್ತದೆ ಎಂಬುದು ಯೂನುಸನಿಗೆ ಗೊತ್ತಿದ್ದಷ್ಟು ಆ ಮನೆಯವರಿಗೇ ಗೊತ್ತಿರುತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಮುಂಬಯಿಯಲ್ಲಿ ಎಸಿ ರಿಪೇರಿ ಮಾಡುತ್ತ ಬಂದವನು ಅವನು. ಸ್ಟೂಲು ಹತ್ತಿ ನಿಂತರೆ ಹಿಡಿಕೆ ಹರಿದ ಸೂಟ್‌ಕೇಸು, ತಿರುಗದ ಟೇಬಲ್ ಫ್ಯಾನು, ಯಾರದೋ ಮದುವೆಗೆ ಬಂದು ಇನ್ನೂ ಬಿಚ್ಚದ ಡಿನ್ನರ್ ಸೆಟ್ಟು, ಎಲ್ಲ ಕಣ್ಣಿಗೆ ಬೀಳುತ್ತಿದ್ದವು. ನೋಡಿಯೂ ನೋಡದವನಂತೆ ಇಳಿದುಬಿಡುವುದು ಅವನ ರೂಢಿ.

ಮಾರ್ಚ್ ಮೊದಲ ವಾರ ವಿಲೆ ಪಾರ್ಲೆಯಲ್ಲಿ ವಸಂತಿಯವರ ಬೆಡ್‌ರೂಮಿನ ಎಸಿ ಬಿಚ್ಚಲು ಸ್ಟೂಲು ಹತ್ತಿದಾಗ ಮಾತ್ರ ಹಾಗೆ ಇಳಿಯಲಾಗಲಿಲ್ಲ. ಕಪಾಟಿನ ಮೇಲೆ, ಹಳೆಯ ಹೊದಿಕೆಗಳ ಗಂಟಿಗೆ ಒರಗಿಕೊಂಡು, ಅವನದೇ ಕಾದಂಬರಿ ಕೂತಿತ್ತು. ‘ನಸೀಮಾಳ ಅಂಗಳ’. ಇನ್ನೂರ ಹನ್ನೆರಡು ಪುಟ. ರಕ್ಷಾಪುಟದ ಮೇಲೆ ಬೆರಳಿನ ಗುರುತು ಬೀಳುವಷ್ಟು ಧೂಳು.

ಅವನು ತೆಗೆದು ನೋಡಿದ. ಒಂದು ಹಾಳೆಯ ಮೂಲೆ ಮಡಚಿತ್ತು. ಅರವತ್ತೊಂದು.

ಆಗಸ್ಟ್‌ನಲ್ಲಿ ವಡಾಲದ ಕನ್ನಡ ಸಂಘದ ಹಾಲಿನಲ್ಲಿ ಆ ಪುಸ್ತಕದ ಬಿಡುಗಡೆ ಆಗಿತ್ತು. ಸಿಂದಗಿ ಕಡೆಯ ಹುಡುಗ, ಕನ್ನಡ ಶಾಲೆಯಲ್ಲಿ ಕಲಿತವನು, ಹನ್ನೊಂದು ವರ್ಷ ಸಂಜೆ ಸಂಜೆ ಕೂತು ಬರೆದದ್ದು ಎಂದು ಸಂಘದವರು ಶಾಲು ಹೊದಿಸಿದ್ದರು. ಸ್ಟೇಷನ್ ಹತ್ತಿರ ಉಡುಪಿ ಹೋಟೆಲು ನಡೆಸುವವರ ಹೆಂಡತಿ ವಸಂತಿ ಅವತ್ತು ಮುಂದಿನ ಸಾಲಿನಲ್ಲೇ ಕೂತಿದ್ದರು. ಒಂದು ತಿಂಗಳ ನಂತರ ಫೋನು ಮಾಡಿ, “ಓದಿದೆ ಯೂನುಸ್ ಭಾಯ್, ಭಾರೀ ಒಳ್ಳೆದುಂಟು” ಎಂದವರೂ ಅವರೇ.

“ಅಂಕಲ್, ಆ ಬುಕ್ ಮಮ್ಮೀದು. ನಾನೂ ಟ್ರೈ ಮಾಡಿದೆ,” ಬಾಗಿಲಲ್ಲಿ ನಿಂತಿದ್ದ ಅವರ ಮಗಳು ಲಾವಣ್ಯಾ ಹೇಳಿದಳು. ಕಾಲೇಜಿನ ಹುಡುಗಿ; ಕನ್ನಡ ಅವಳ ನಾಲಿಗೆಗೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತಿತ್ತು. “ಹದಿನಾಲ್ಕು ಪೇಜ್ ತನಕ. ಫಿರ್... ಬಹುತ್ ಲೋಗ್ ಆ ಗಯೇ ಅಂಕಲ್, ತುಂಬಾ ಜನ. ಎಲ್ಲರ ನೇಮ್ ನಾನು ಬರ್ದು ಇಟ್ಟೆ. ಟ್ವೆಂಟಿ-ತ್ರೀ.”

“ಇಪ್ಪತ್ಮೂರು ಮಂದಿ ಅದಾರೇನು?” ಯೂನುಸ ಸ್ಟೂಲಿನ ಮೇಲೆಯೇ ಕೇಳಿದ.

“ಆ ಹಾಲು ಮಾರೋರಿಗೆ ಕೂಡ ನೇಮ್ ಉಂಟು. ಅವರ ಎಮ್ಮೆಗೆ ಕೂಡ.”

ಚಹಾ ತಂದ ವಸಂತಿ ಅವನ ಕೈಯಲ್ಲಿದ್ದ ಪುಸ್ತಕ ಕಂಡು ತಟ್ಟೆಯನ್ನು ಮಂಚದ ಮೇಲಿಟ್ಟರು. “ಅಯ್ಯೋ, ಅದು ಮೇಲೆ ಹೋದದ್ದು ಯಾವಾಗ?” ಎಂದು ಯಾರಿಗೂ ಅಲ್ಲದಂತೆ ಕೇಳಿದರು.

“ಅಕ್ಕಾರ, ಖರೇ ಹೇಳ್ರಿ,” ಯೂನುಸ ಇಳಿದು ನಿಂತ. “ಅರವತ್ತೊಂದಕ್ಕ ಯಾಕ ನಿಂತ್ರಿ? ನನಗೇನೂ ಸಿಟ್ಟಿಲ್ಲ.”

ಸಿಟ್ಟಿರಲಿಲ್ಲ ಎಂಬುದು ನಿಜ. ಎಸಿ ಗಾಳಿ ಬರುತ್ತಿದೆ, ತಣ್ಣಗಾಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಎಲ್ಲಿ ಕೆಟ್ಟಿದೆ ಎಂದು ಹುಡುಕುವುದೇ ಅವನ ಕಸುಬು.

ವಸಂತಿ ಮಂಚದ ತುದಿಯಲ್ಲಿ ಕೂತರು. “ನಿಮ್ಮ ಬಾವಿಯದ್ದು ವರ್ಣನೆ ಉಂಟಲ್ಲ, ಅದು ನಂಗೆ ಬಹಳ ಚಂದ ಕಂಡಿತು. ಅದನ್ನು ಎರಡು ಸಲ ಓದಿದೆ. ಆದ್ರೆ ಆ ನಸೀಮಾ... ಬೇಜಾರು ಮಾಡ್ಬೇಡಿ ಮಾರಾಯ್ರೆ, ಅವಳು ಒಂದು ಸಲವಾದ್ರೂ ಸಿಟ್ಟು ಮಾಡ್ಬೇಕಿತ್ತು. ಏನು ಕಷ್ಟ ಬಂದ್ರೂ ನಗ್ತಾಳೆ, ಯಾರು ಮೋಸ ಮಾಡಿದ್ರೂ ತಲೆ ಸವರ್ತಾಳೆ. ದೇವರ ಫೋಟೋದ ಎದುರು ಎಷ್ಟು ಹೊತ್ತು ಕೈ ಮುಗ್ದು ಕೂತ್ಕೊಳ್ಳುದು? ಕೈ ಮುಗ್ದಾಯ್ತು, ಎದ್ದೆ.”

ಯೂನುಸ ತಲೆಯಾಡಿಸಿದ. ಫಿಲ್ಟರು ತೊಳೆದು, ನೀರಿನ ಪೈಪು ಊದಿ, ಎಸಿ ಮುಚ್ಚಿ ಹೊರಬಿದ್ದ. ಲೋಕಲ್‌ನಲ್ಲಿ ನಿಂತು ಸರ್ವೀಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡ: ಮಂದಿ ಭಾಳ. ಎಮ್ಮೆಯ ಹೆಸರು ತೆಗೆ. ಬಾವಿ ಛಲೋ. ನಸೀಮಾ ಫೋಟೋ ಆಗ್ಯಾಳ.

ಬರೆದಾದ ಮೇಲೆ ಕೊನೆಯ ಮಾತನ್ನು ಬಹಳ ಹೊತ್ತು ನೋಡಿದ. ನಸೀಮಾ ಎಂದರೆ ಅವನ ಅಕ್ಕ ಗುಲಶನ. ಅಪ್ಪ ತೀರಿದಾಗ ಹತ್ತನೇ ಇಯತ್ತೆಗೇ ಶಾಲೆ ಬಿಟ್ಟು, ಹಳೆ ಬಟ್ಟೆಯ ಕೌದಿ ಹೊಲಿದು ಅವನನ್ನು ಸಾಕಿದವಳು. ಮನೆಯಲ್ಲಿ ಎಲ್ಲರೂ ದಖ್ಖನಿ ಉರ್ದು ಆಡಿದರೂ ಅವನಿಗೆ ಕನ್ನಡದ ಅಕ್ಷರ ತಿದ್ದಿಸಿದವಳು ಅವಳು. ಅವಳ ಕೆಟ್ಟದ್ದನ್ನು ಬರೆಯಬೇಕೆಂದರೆ ಇದ್ದರಲ್ಲವೇ?

ಆ ವಾರವೇ ಸೋಮನಾಥ ಸರ್ ಮನೆಯ ಎಸಿಯ ಸರದಿ ಬಂತು. ಸರ್ ನಿವೃತ್ತ ಶಿಕ್ಷಕರು, ಸಂಘದ ಅಧ್ಯಕ್ಷರು. ಬಿಡುಗಡೆಯ ದಿನ ಮೈಕಿನ ಮುಂದೆ, “ಕೈಗೆತ್ತಿಕೊಂಡವನು ಕೆಳಗಿಡಲಿಲ್ಲ, ಒಂದೇ ಬೈಠಕ್‌ನಲ್ಲಿ ಓದಿ ಮುಗಿಸಿದೆ” ಎಂದಿದ್ದರು. ಅವರ ಮನೆಯಲ್ಲಿ ಪುಸ್ತಕ ಕಪಾಟಿನ ಮೇಲಿರಲಿಲ್ಲ. ಗಾಜಿನ ಬಾಗಿಲಿನ ಒಳಗೆ, ಸಾಲಾಗಿ ನಿಂತವುಗಳ ನಡುವೆ, ಮರ್ಯಾದೆಯಿಂದ ಇತ್ತು. ಯೂನುಸನಿಗೆ ಹಗುರಾಯಿತು. ಕೆಲಸ ಮುಗಿದ ಮೇಲೆ, “ತೆಗೆದು ನೋಡಲ್ಯಾ ಸರ?” ಎಂದು ಕೇಳಿ ಹೊರತೆಗೆದ.

ಆ ಪುಸ್ತಕದ ಅಂಚು ಕತ್ತರಿಸುವಾಗ ಪ್ರೆಸ್ಸಿನವರು ಅವಸರ ಮಾಡಿದ್ದರು. ಕೆಲವು ಪ್ರತಿಗಳಲ್ಲಿ ಹಾಳೆಗಳು ತಲೆಯ ಕಡೆ ಅಂಟಿಕೊಂಡೇ ಉಳಿದಿದ್ದವು. ಓದುವವರು ಬ್ಲೇಡಿನಿಂದ ಬಿಡಿಸಿಕೊಳ್ಳಬೇಕಿತ್ತು. ಸರ್ ಅವರ ಪ್ರತಿಯಲ್ಲಿ ಮೂವತ್ತಮೂರನೆಯ ಪುಟದಿಂದ ಮುಂದಿನ ಹಾಳೆಗಳು ಹಾಗೆಯೇ ಒಂದಕ್ಕೊಂದು ಕಚ್ಚಿಕೊಂಡಿದ್ದವು.

ಯೂನುಸ ಪುಸ್ತಕವನ್ನು ಇದ್ದ ಜಾಗದಲ್ಲೇ ಇಟ್ಟ.

“ಎರಡನೇ ಮುದ್ರಣ ಯಾವಾಗ?” ಎಂದರು ಸರ್.

“ನೋಡೂಣ್ರಿ ಸರ,” ಎಂದ.

ಅವರನ್ನು ಮಾತ್ರ ಕೇಳಲಾಗಲಿಲ್ಲ. ಅವರ ಮುಖದಲ್ಲಿದ್ದ ಪ್ರೀತಿ ನಿಜವಾದದ್ದಾಗಿತ್ತು. ಓದದೆಯೂ ಅಷ್ಟು ಪ್ರೀತಿಸಬಹುದೆ, ಅಥವಾ ಓದದೆ ಇದ್ದದ್ದಕ್ಕೇ ಅಷ್ಟು ಪ್ರೀತಿಯೋ ಎಂದು ಮೆಟ್ಟಿಲಿಳಿಯುತ್ತ ಅವನಿಗೆ ತಿಳಿಯಲಿಲ್ಲ.

ಕೆಳಗೆ ವಡಾಲ ಸ್ಟೇಷನ್ನಿನ ಬದಿಯ ಚಹಾದಂಗಡಿಯಲ್ಲಿ ಅಣವೀರಪ್ಪ ಸಿಕ್ಕರು. ಬಂದರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಕಲಬುರ್ಗಿ ಕಡೆಯವರು. ಮುಚ್ಚಿಟ್ಟು ಮಾತಾಡುವುದು ಅವರಿಗೆ ಬಾರದು. ಯೂನುಸ ನೇರವಾಗಿ ಕೇಳಿದ: “ಅಣ್ಣಾರ, ನನ್ನ ಪುಸ್ತಕ ಎಲ್ಲಿ ಮಟಾ ಓದೀರಿ?”

“ಅರವತ್ತು, ಅರವತ್ತೊಂದು ಆಗಿರಬೇಕು ನೋಡಪಾ.”

“ನೀವೂ ಅಲ್ಲೇ? ಅಕಿ ಭಾಳ ಒಳ್ಳೇಕಿ ಆದಳಂತ ಬಿಟ್ರ್ಯಾ?”

“ಛೇ ಛೇ, ಒಳ್ಳೇಕಿ ಇದ್ರ ನನಗೇನ್ ತ್ರಾಸ? ಒಳ್ಳೇ ಮಂದಿ ಇರಬೇಕು. ಅಲ್ಲಿ ಏನಾತಂದ್ರ, ತಮ್ಮ ಅಳ್ತಾನ, ಅಕ್ಕ ಮಾಫ್ ಮಾಡ್ತಾಳ. ಮುಗೀತಲ್ಲೋ! ಮುಂದ ಏನ್ ಓದೂದು? ಇನ್ನ ನೂರೈವತ್ತು ಹಾಳಿ ಉಳದಾವ. ಯಾರ ಜೋಡಿನೂ ಯಾರ್ದೂ ತಕರಾರ ಇಲ್ಲ. ಮತ್ತ ಆ ಬಾವಿ ಒಂದು! ಹನ್ನೆರಡು ಪುಟ ನೀರ ಸೇದಿಸೀದಿ. ರಟ್ಟಿ ನೋವು ಬಂತು ನನಗ.”

“ಬಾವಿ ಛಲೋ ಐತಿ ಅಂದ್ರು ಒಬ್ರು.”

“ಅವರಿಗೆ ನಳದಾಗ ನೀರ ಬರ್ತಿರಬೇಕು,” ಎಂದು ಅಣವೀರಪ್ಪ ಚಹಾದ ಲೋಟ ಕೆಳಗಿಟ್ಟರು. “ಇನ್ನೊಂದು ಹೇಳ್ತೀನಿ. ನಿನ್ನ ಊರಾಗ ಎಲ್ಲಾರೂ ಪುಸ್ತಕದಂಗ ಮಾತಾಡ್ತಾರಲ್ಲ? ಕೌದಿ ಹೊಲಿಯಾಕಿನೂ ‘ಜೀವನವೆಂಬುದು’ ಅಂತಾಳ. ನಮ್ಮ ಕಡೆ ಯಾವಾಕಿ ಹಂಗ ಅಂತಾಳೋ ಯೂನುಸಾ?”

ಯೂನುಸ ನಕ್ಕ. ನಗುತ್ತಲೇ ಸರ್ವೀಸ್ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡ.

ಒಂದು ತಿಂಗಳು ಅವನು ಕಾದಂಬರಿಯ ರಿಪೇರಿಗೆ ಕೂತ. ಬಾವಿ ತೆಗೆದ; ವಸಂತಿಯ ಮುಖ ನೆನಪಾಗಿ ಅರ್ಧ ಹಾಕಿದ. ಇಪ್ಪತ್ತಮೂರು ಮಂದಿಯಲ್ಲಿ ಹದಿನೇಳು ಜನರನ್ನು ಊರು ಬಿಡಿಸಿದ. ಎಮ್ಮೆಯನ್ನು ಮಾರಿದ. ‘ಜೀವನವೆಂಬುದು’ ಎಂದು ಶುರುವಾಗುವ ಮಾತುಗಳನ್ನೆಲ್ಲ ಹೊಡೆದುಹಾಕಿದ. ನಸೀಮಾಳಿಗೆ ಸಿಟ್ಟು ಬರಲೆಂದು ಒಂದು ಕಡೆ ಪಾತ್ರೆ ಎಸೆಯಿಸಿದ; ಅದು ನಾಟಕದ ಹೆಂಗಸು ಎಸೆದಂತಾಯಿತು. ಒಂದನ್ನು ಬಿಗಿ ಮಾಡಿದರೆ ಇನ್ನೊಂದು ಸಡಿಲವಾಗುತ್ತಿತ್ತು. ಮಷೀನಿನಲ್ಲಾದರೆ ಗ್ಯಾಸು ಸೋರುವ ಜಾಗಕ್ಕೆ ಸಾಬೂನು ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ, ಅಲ್ಲೇ ತೂತು. ಇಲ್ಲಿ ಹಚ್ಚಿದಲ್ಲೆಲ್ಲ ಗುಳ್ಳೆ.

ಕೊನೆಗೆ ಮೊದಲ ಅಧ್ಯಾಯದಲ್ಲಿ ಉಳಿದದ್ದು ಒಂಬತ್ತು ಸಾಲು. ಅದನ್ನು ಹೆಂಡತಿ ಬುಷರಾಳಿಗೆ ಓದಿ ಹೇಳಿದ. ಅವಳು ಸೋಲಾಪುರದವಳು, ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತಿತ್ತು. ಅಕ್ಕಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

“ಇದೇನ್ರೀ, ಸರ್ವೀಸ್ ರಿಪೋರ್ಟ್ ಏನು?”

“ಕಾದಂಬರಿ.”

“ಹಳೇದು ಕೇಳಕೋತ ನನಗ ನಿದ್ದಿ ಬರ್ತಿತ್ತು,” ಎಂದಳು ಬುಷರಾ, ವಿಚಾರ ಮಾಡುತ್ತ. “ಇದ್ರಾಗ ನಿದ್ದಿನೂ ಬರಂಗಿಲ್ಲ.” ಮತ್ತೆ ಅಕ್ಕಿಗೆ ಕೈ ಹಾಕಿ, ತಲೆಯೆತ್ತದೆ ಕೇಳಿದಳು: “ಎಲ್ಲಾರ ಕಡೆ ಹೋಗಿ ಕೇಳಿದ್ರಿ. ಆಪಾನ ಕೇಳಿದ್ರ್ಯಾ?”

ಅಕ್ಕನನ್ನು ಕೇಳಿರಲಿಲ್ಲ. ಗುಲಶನ ಗೋರೆಗಾಂವ್‌ನಲ್ಲಿದ್ದಳು. ಗಂಡ ಅಲ್ತಮಶ ಸಿನೆಮಾದ ಸೆಟ್ಟುಗಳಿಗೆ ಬಡಿಗೆಲಸ ಮಾಡುವವನು. ಮೊದಲ ಪ್ರತಿ ಯೂನುಸ ಅವಳಿಗೇ ಕೊಟ್ಟು ಬಂದಿದ್ದ. ಏಳು ತಿಂಗಳಲ್ಲಿ ಅವಳು ಆ ಬಗ್ಗೆ ಮಾತು ಎತ್ತಿರಲಿಲ್ಲ. ಅವನೂ ಕೆದಕಿರಲಿಲ್ಲ. ಅವರಿಬ್ಬರ ನಡುವೆ ಕೆದಕದೆ ಬಿಟ್ಟದ್ದು ಅದೊಂದೇ ಆಗಿರಲಿಲ್ಲ.

ರವಿವಾರ ಮಧ್ಯಾಹ್ನ ಹೋದ. ಗುಲಶನ ಅಡುಗೆಮನೆಯ ಹೊಸಿಲಿಗೆ ಕೂತು ಮೆಂತ್ಯೆಸೊಪ್ಪು ಬಿಡಿಸುತ್ತಿದ್ದಳು. ಅಲ್ತಮಶ ಒಳಗೆ ಮಲಗಿದ್ದ. ದಖ್ಖನಿಯಲ್ಲಿ ಮಕ್ಕಳ ಸುದ್ದಿ, ಮೊಣಕಾಲಿನ ನೋವಿನ ಸುದ್ದಿ ಆಡಿದ ಮೇಲೆ ಯೂನುಸ ಕನ್ನಡಕ್ಕೆ ಹೊರಳಿದ. ಜಗಳಕ್ಕೂ ಪಾಠಕ್ಕೂ ಅವರ ನಡುವೆ ಕನ್ನಡವೇ ಮೊದಲಿನಿಂದ.

“ಆಪಾ, ಪುಸ್ತಕ ಓದಿದೇನು?”

“ಅರವತ್ತೊಂದರ ಮಟಾ ಓದೀನಿ.”

ಅವನು ಗೋಡೆಗೆ ಒರಗಿದ. ಇವಳೂ ಅಲ್ಲೇ.

ಆ ಪುಟದಲ್ಲಿ ಏನಿದೆ ಎಂದು ಅವನು ಹೊಸದಾಗಿ ನೆನಪಿಸಿಕೊಳ್ಳಬೇಕಾಗಿರಲಿಲ್ಲ. ವಿಜಯಪುರದ ಕೈಗಾರಿಕಾ ತರಬೇತಿಗೆ ಹೋದ ತಮ್ಮ ಫೇಲಾಗುತ್ತಾನೆ. ಆ ದಿನವೇ ಬಸ್ಸು ಹತ್ತಿ ಮನೆಗೆ ಬಂದು ಅಕ್ಕನ ಕಾಲು ಹಿಡಿದು ಅಳುತ್ತಾನೆ. ನಸೀಮಾ ಅವನ ತಲೆಯ ಮೇಲೆ ಕೈಯಿಟ್ಟು ಕ್ಷಮೆಯ ಕುರಿತು ಪುಟ ಮುಗಿಯುವವರೆಗೂ ಮಾತಾಡುತ್ತಾಳೆ.

ನಡೆದದ್ದು ಬೇರೆ. ಯೂನುಸ ಫೇಲಾದದ್ದನ್ನು ಹೇಳಲೇ ಇಲ್ಲ. ಸೋಲಾಪುರಕ್ಕೆ ಹೋಗಿ ಒಂದು ಟಾಕೀಜಿನಲ್ಲಿ ಗೇಟ್‌ಕೀಪರನಾಗಿ ನಿಂತ. ಪ್ರತಿ ಸೋಮವಾರ ಅಕ್ಕ ಬಸ್ಸಿನ ಕಂಡಕ್ಟರನ ಕೈಯಲ್ಲಿ ವಿಜಯಪುರಕ್ಕೆ ರೊಟ್ಟಿಯ ಬುತ್ತಿ ಕಳಿಸುತ್ತಲೇ ಇದ್ದಳು. ರೂಮಿನ ಗೆಳೆಯರು ಅದನ್ನು ಇಳಿಸಿಕೊಂಡು ತಿನ್ನುತ್ತಲೇ ಇದ್ದರು. ಎಂಟು ತಿಂಗಳು. ಗೆಳೆಯರು ರಜೆಗೆ ಊರಿಗೆ ಹೋದ ಒಂದು ವಾರ ಬುತ್ತಿ ಹಾಗೆಯೇ ವಾಪಸು ಬಂತು. ಆಗ ಅವಳೇ ಬುತ್ತಿ ಹಿಡಿದು ಬಸ್ಸು ಹತ್ತಿದಳು. ಅಲ್ಲಿ ತರಬೇತಿ ಕೇಂದ್ರದ ಗೇಟಿನ ಮುಂದೆ ಕೂತಳು, ಜವಾನ ಅವಳಿಗೆ ಎಲ್ಲ ಹೇಳಿದ ಎಂದು ಯೂನುಸನಿಗೆ ಬೇರೆಯವರಿಂದ ಗೊತ್ತಾಗಿತ್ತು. ಆಮೇಲೆ ಮೂರು ವರ್ಷ, ಅವನು ಊರಿಗೆ ಬಂದಾಗಲೂ, ಅವಳು ಅವನ ಜೊತೆ ಮಾತಾಡಲಿಲ್ಲ. ಮಾತು ಮತ್ತೆ ಶುರುವಾದದ್ದು ಅವಳ ಮದುವೆಯಾದ ಮೇಲೆ. ಆ ವಿಷಯ ಮಾತ್ರ ಇಬ್ಬರೂ ಎಂದೂ ತೆಗೆಯಲಿಲ್ಲ.

“ಮುಂದ ಯಾಕ ಓದ್ಲಿಲ್ಲ?” ಯೂನುಸ ಕೇಳಿದ.

“ಅಕಿ ಯಾರು, ಆ ನಸೀಮಾ?”

“ನೀನ ಅಲ್ಲೇನ ಆಪಾ.”

“ನಾ ಅಲ್ಲ.” ಸೊಪ್ಪಿನ ಕಡ್ಡಿಯನ್ನು ಬದಿಗೆ ಒಗೆದಳು. “ಅಕಿ ಯಾರೋ ಪುಣ್ಯಾತಗಿತ್ತಿ. ಅಂಥಾಕಿ ನನಗ ಇನ್ನಾ ಭೆಟ್ಟಿ ಆಗಿಲ್ಲ.”

“ನಿನ್ನ ಹೆಸರ ಕೆಡಬಾರದಂತ ಹಂಗ ಬರದೆ.”

“ನಂದೋ, ನಿಂದೋ?”

ಹನ್ನೊಂದು ವರ್ಷ ಬರೆಯುವಾಗ ಅಕ್ಕನನ್ನು ಕಾಪಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ತಮ್ಮ ಅವತ್ತೇ ಬಸ್ಸು ಹತ್ತಿ ಬಂದು ಅಳುತ್ತಾನೆ ಎಂದು ಬರೆದದ್ದು ಯಾರನ್ನು ಕಾಪಾಡಲಿಕ್ಕೆ?

“ಆ ಗೇಟಿನ ಮುಂದ ನಾ ಏನ್ ಮಾಡಿದೆ ಗೊತ್ತೇನ ನಿನಗ?” ಗುಲಶನ ಕೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. “ಜವಾನ ಹೇಳಿ ಹೋದ. ಬುತ್ತಿ ತೊಡಿ ಮ್ಯಾಲಿತ್ತು. ಬಿಚ್ಚಿದೆ. ಶೇಂಗಾ ಚಟ್ನಿ ಹಚ್ಚಕೊಂಡು ಎಲ್ಲಾ ರೊಟ್ಟಿ ನಾನ ತಿಂದೆ. ಮಂದಿ ನೋಡಾಕತ್ತಿದ್ರು. ಒಂದೂ ಬಿಡಲಿಲ್ಲ.”

“ಅಳ್ಕೋತ ತಿಂದೇನು?”

“ಇಲ್ಲೋ. ಹಸಿವಾಗಿತ್ತು. ಮತ್ತ...” ಒಳಗೆ ಅಲ್ತಮಶನ ಗೊರಕೆ ನಿಂತು ಮತ್ತೆ ಶುರುವಾಯಿತು. “ಯೂನ್ಯಾ, ನೀ ಫೇಲ್ ಆದೀ ಅಂತ ಕೇಳಿದ ಕೂಡಲೇ ನನಗ ಖುಷಿ ಆತು.”

ಯೂನುಸ ಅವಳ ಮುಖ ನೋಡಿದ. ತಮಾಷೆ ಎಂದುಕೊಂಡ. ಅಲ್ಲ.

“ಹತ್ತನೇ ಇಯತ್ತ್ಯಾಗ ಸಾಲ್ಯಾಗ ನಾನ ಮೊದಲ ನಂಬರ್ ಇದ್ದೆ. ಪರೀಕ್ಷಾಕ ಕೂಡ್ರಲಿಲ್ಲ. ನನ್ನ ಪಾಲಿಂದು ನಿನಗ ಕೊಟ್ರು, ನೀ ಅದನ್ನ ಚೆಲ್ಲಿ ಬಂದಿ. ಚೆಲ್ಲಿದ್ದಕ್ಕ ಸಿಟ್ಟ ಬರಬೇಕಿತ್ತಲ್ಲ? ಬಂತು. ಆದರ ಮೊದಲ ಖುಷಿ ಆತು. ಬಸ್ಸಿನ್ಯಾಗ ಊರು ಮುಟ್ಟೂ ಮಟಾ ಒಳಗೊಳಗ ನಗು. ನಾ ಎಂಥಾ ಹೆಣಮಗಳು ಅಂತ ನನಗ ಹೆದರಿಕಿ ಬಂತು.”

“ಅದಕ್ಕ ಮೂರು ವರ್ಷ ಮಾತಾಡಲಿಲ್ಲೇನು?”

“ಏನಂತ ಮಾತಾಡ್ಲಿ? ನೀ ತಪ್ಪ ಮಾಡಿದವ ಅಂತ ತಲಿ ತಗ್ಗಿಸಿ ನಿಂದ್ರತಿದ್ದಿ. ನನಗ ಅದೂ ಛಲೋ ಅನಸ್ತಿತ್ತು. ಮನಿಯಾಗ ನನ್ನ ಸ್ವಂತದ್ದು ಅಂತ ಅದೊಂದ ಇತ್ತು.” ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದಳು. “ನಿನ್ನ ನಸೀಮಾಗ ಇದ್ಯಾವುದೂ ಇಲ್ಲ. ಓದಿದ್ರ ನನಗ ನಾಚಿಕಿ ಬರ್ತೈತಿ. ಅದಕ್ಕ ಮುಚ್ಚಿಟ್ಟೆ.”

“ಇದನ್ನ ಬರೀಲ್ಯಾ?”

“ಬರಿ. ಇಲ್ಲ ಬಿಡು. ಆದರ ಅಕಿ ನಾನ ಅಂತ ಯಾರ ಮುಂದೂ ಹೇಳಬ್ಯಾಡ.” ಅಡುಗೆಮನೆಗೆ ಹೋದವಳು ಅಲ್ಲಿಂದಲೇ ಕೂಗಿದಳು: “ಊಟಾ ಮಾಡಿ ಹೋಗು.”

ಅವನು ಊಟ ಮಾಡಿದ. ಏನು ತಿಂದೆ ಎಂದು ಆಮೇಲೆ ನೆನಪಾಗಲಿಲ್ಲ. ಗೋರೆಗಾಂವ್ ಸ್ಟೇಷನ್ನಿನಲ್ಲಿ ಎರಡು ಲೋಕಲ್ ಬಿಟ್ಟ. ವರ್ಷಗಟ್ಟಲೆ ಹೊತ್ತು ತಿರುಗಿದ ತಪ್ಪು ತನ್ನದೆಂದೇ ಅವನ ಲೆಕ್ಕ. ಈಗ ಅದರ ಒಂದು ತುದಿ ಅಕ್ಕನ ಕೈಯಲ್ಲೂ ಇತ್ತೆಂದರೆ ಭಾರ ಕಡಿಮೆಯಾಗಬೇಕು. ಆಗಲಿಲ್ಲ. ಅವಳ ಮೇಲೆ ಸಿಟ್ಟು ಬಂತೇ ಎಂದು ನೋಡಿಕೊಂಡ, ಸ್ವಲ್ಪ ಬಂದಿತ್ತು. ಜೊತೆಗೆ, ಗೇಟಿನ ಮುಂದೆ ಕೂತು ರೊಟ್ಟಿ ಮುರಿಯುವ ಹುಡುಗಿಯನ್ನು ಅವನು ಮೊದಲ ಸಲ ಕಂಡಂತಾಗಿ ಎದೆ ಉಬ್ಬಿ ಬಂತು. ಎರಡರಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ಬೆಂಚಿನ ಮೇಲೆ ಕೂತೇ ಇದ್ದ.

ಮಳೆಗಾಲದಲ್ಲಿ ಎಸಿ ಕೆಲಸ ಕಡಿಮೆ. ಆ ಬಿಡುವಿನಲ್ಲಿ ಯೂನುಸ ಅರವತ್ತೊಂದನೆಯ ಪುಟವನ್ನು ಹೊಸದಾಗಿ ಬರೆದ. ಕ್ಷಮೆಯ ಮಾತು ಹೋಯಿತು. ತಮ್ಮ ಬಸ್ಸು ಹತ್ತಿ ಬರಲೇ ಇಲ್ಲ, ಸೋಲಾಪುರದಲ್ಲಿ ಟಾಕೀಜಿನ ಬಾಗಿಲು ಕಾಯುತ್ತ ನಿಂತ. ನಸೀಮಾ ಗೇಟಿನ ಮುಂದೆ ಕೂತು ತಿಂದಳು, ನಕ್ಕಳು, ಹೆದರಿದಳು. ಆರು ಹಾಳೆಯಾಯಿತು. ಪ್ರತಿ ಸಾಲಿನಲ್ಲೂ ಇದು ಸರಿಯೋ ತಪ್ಪೋ ಎಂದು ಪೆನ್ನು ನಿಲ್ಲುತ್ತಿತ್ತು.

ಅದರ ಝೆರಾಕ್ಸನ್ನು ಅಣವೀರಪ್ಪನವರಿಗೆ ಕೊಟ್ಟ. ಅವರು ಚಹಾದಂಗಡಿಯಲ್ಲೇ ಓದಿ ಕನ್ನಡಕ ತೆಗೆದರು. “ಮೊದಲಿನದ ಛಲೋ ಇತ್ತಪಾ. ಒಳ್ಳೇ ಹೆಣಮಗಳನ್ನ ಯಾಕ ಕೆಡಿಸಿದಿ?” ಎಂದರು. ನಿಜಕ್ಕೂ ಅವರಿಗೆ ನೋವಾಗಿತ್ತು.

ವಸಂತಿ ತಮಗೆ ಕೊಟ್ಟ ಪ್ರತಿ ಓದಿ ಎರಡು ದಿನ ಬಿಟ್ಟು ಫೋನು ಮಾಡಿದರು. “ಯೂನುಸ್ ಭಾಯ್, ನಂಗೆ ಅವಳು ಈಗ ಒಂಚೂರೂ ಹಿಡಿಸುದಿಲ್ಲ. ಎಂತ ಹೆಂಗಸು ಮಾರಾಯ್ರೆ!” ಫೋನು ಇಡದೆ, “ಮತ್ತೆ ಅವಳು ಮನೆಗೆ ಹೋಗಿ ಮನೆಯವರ ಹತ್ರ ಎಂತ ಹೇಳಿದ್ಳು?” ಎಂದರು.

“ಗೊತ್ತಿಲ್ರಿ ಅಕ್ಕಾರ.”

“ಗೊತ್ತಿಲ್ಲ ಅಂದ್ರೆ? ಬರ್ದದ್ದು ನೀವಲ್ವಾ?”

ಗುಲಶನ ಆ ಹಾಳೆಗಳನ್ನು ಅವನೆದುರೇ ಓದಿದಳು. ಮೂರನೆಯ ಹಾಳೆಯಲ್ಲಿ ಬೆರಳಿಟ್ಟು, “ನಾಕು ರೊಟ್ಟಿ ಅಲ್ಲ, ಏಳು,” ಎಂದಳು. ಬೇರೇನೂ ಹೇಳಲಿಲ್ಲ. ಹಾಳೆಗಳನ್ನು ವಾಪಸೂ ಕೊಡಲಿಲ್ಲ. ಮಡಚಿ ತನ್ನ ಟ್ರಂಕಿನಲ್ಲಿಟ್ಟಳು. ಅದು ಹಿಡಿಸಿ ಇಟ್ಟದ್ದೋ, ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಇಟ್ಟದ್ದೋ ಕೇಳುವ ಧೈರ್ಯ ಅವನಿಗಾಗಲಿಲ್ಲ.

ಮನೆಗೆ ಬಂದು ಪುಸ್ತಕ ತೆರೆದ. ಹಳೆಯ ಅರವತ್ತೆರಡನೆಯ ಪುಟದಲ್ಲಿ ನಸೀಮಾ ತಮ್ಮನಿಗಾಗಿ ಹೋಳಿಗೆ ಮಾಡುತ್ತಿದ್ದಳು. ಅರವತ್ತೈದರಲ್ಲಿ ಊರಿನ ಹೆಣ್ಣುಮಕ್ಕಳಿಗೆ ಬುದ್ಧಿ ಹೇಳುತ್ತಿದ್ದಳು. ಇದ್ಯಾವುದನ್ನೂ ಏಳು ರೊಟ್ಟಿ ತಿಂದ ಆ ಹುಡುಗಿ ಮಾಡುವ ಹಾಗೆ ಕಾಣಲಿಲ್ಲ. ಹಾಗಾದರೆ ಉಳಿದ ನೂರೈವತ್ತು ಪುಟ ಯಾರದು? ಆ ಪುಣ್ಯಾತಗಿತ್ತಿಯನ್ನು ಈಗ ಎಲ್ಲಿಗೆ ಕಳಿಸುವುದು?

“ಏನಾತ್ರೀ?” ಬುಷರಾ ಕೇಳಿದಳು.

“ಬಸ್ಸ ಊರು ಮುಟ್ಟೇತಿ,” ಎಂದ ಯೂನುಸ. “ಅಕಿ ಇಳದಾಳ. ಮುಂದ ಏನ್ ಮಾಡ್ತಾಳೋ ನನಗ ತಿಳಿವಲ್ತು.”

“ಕೂಡ್ರಿ ಮತ್ತ, ನೋಡ್ರಿ ಏನ್ ಮಾಡ್ತಾಳ,” ಎಂದು ಬುಷರಾ ಅವನ ಪಕ್ಕದಲ್ಲಿ ಕೂತಳು.

ಯೂನುಸ ಖಾಲಿ ಹಾಳೆ ಎದುರಿಗೆ ಹಾಕಿಕೊಂಡ.